ಡ್ರಿಲ್ ಮೇಷ್ಟ್ರ ಹುಳುಗಳು

ಬಸ್ ನಿಲ್ದಾಣದ ಹಿಂಬದಿಯಲ್ಲಿ, ಟಯರ್ ಗೋದಾಮಿಗೆ ಅಂಟಿಕೊಂಡಂತೆ, 'ಕಳೆದುಹೋದ ಸಾಮಾನುಗಳ ಕೊಠಡಿ' ಎಂಬ ಬೋರ್ಡು ಹೊತ್ತ ಒಂದು ಕಿಟಕಿ ಇದೆ. ಆ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷದಿಂದ ಕೂತಿರುವ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಈಗ ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿಲ್ಲ. ಯಾರು ಬಂದು "ಸಾರ್, ನನ್ನ ಕೊಡೆ" ಅಂದರೂ ಅವನು ಬಂದವರನ್ನು ಅಡಿಯಿಂದ ಮುಡಿಯವರೆಗೆ ನೋಡಿ "ಗುರುತು ಹೇಳಿ" ಅನ್ನುತ್ತಿದ್ದ. ಹಾಗೆ ಅಂದು ಅಂದು ಡ್ರೈವರು ಕಂಡಕ್ಟರುಗಳ ಬಾಯಲ್ಲಿ ಗುರುತಪ್ಪನಾದ. ಅಲ್ಲಿಂದ ಆ ಹೆಸರು ಬಸ್ಸು ಹತ್ತಿಕೊಂಡು ಮನೆಯವರೆಗೂ ಬಂತು.

ಗುರುತು ಕೇಳುವುದೆಲ್ಲ ಬರಿಯ ಶಾಸ್ತ್ರಕ್ಕೆ. ಗುರುತಪ್ಪನ ನಿಜವಾದ ವಿದ್ಯೆ ಬೇರೆಯೇ ಇತ್ತು. ಮಾಲೀಕನ ಮುಖ ನೋಡಿದರೆ ಸಾಕು, ಸಾಮಾನು ಯಾವುದೆಂದು ಅವನಿಗೆ ಹೊಳೆದುಬಿಡುತ್ತಿತ್ತು. ತುಟಿ ಬಿಗಿದವರದು ಗುಂಡಿ ಹಾಕಿ ಮಡಿಸಿದ ಕಪ್ಪು ಕೊಡೆ. ಕೂದಲು ಕೆದರಿದವರದು ಕಡ್ಡಿ ಮುರಿದ ಕೊಡೆ. ಜೋರಾಗಿ ಮಾತಾಡುವವರ ಟಿಫಿನ್ ಡಬ್ಬಿ ಮೂರು ಅಂತಸ್ತಿನದು, ಮೆಲ್ಲಗೆ ಮಾತಾಡುವವರದು ಒಂದೇ ಅಂತಸ್ತಿನದು. ಈ ವಿದ್ಯೆಯಿಂದಾಗಿ ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸಾಮಾನೂ ತಪ್ಪು ಕೈ ಸೇರಿಲ್ಲ ಎಂದು ಅವನು ಎದೆ ತಟ್ಟಿಕೊಂಡು ಹೇಳುತ್ತಿದ್ದ. ತಮ್ಮದಕ್ಕಿಂತ ಚೆನ್ನಾಗಿರುವ ಕೊಡೆ ಸಿಕ್ಕವರು ವಾಪಸು ಬಂದು ದೂರು ಕೊಡುವುದಿಲ್ಲ ಎಂಬ ಸಂಗತಿಯನ್ನು ಯಾರೂ ಅವನ ಗಮನಕ್ಕೆ ತಂದಿರಲಿಲ್ಲ. ನಾವೂ ತರುವುದು ಬೇಡ.

ಇಂಥ ಮನುಷ್ಯನ ಕೈಗೆ ಅತ್ತೆ ತಮ್ಮ ಹುಳುಗಳನ್ನು ಒಪ್ಪಿಸಿದರು.

ಮೂರು ವರ್ಷದ ಹಿಂದೆ ಮಾವ ತೀರಿಕೊಂಡ ಮೇಲೆ ಅತ್ತೆ ಮಗಳ ಮನೆಗೆ ಬಂದಾಗ ತಂದದ್ದು ಒಂದು ಟ್ರಂಕು, ಒಂದು ಮರದ ಪೆಟ್ಟಿಗೆ. ಟ್ರಂಕಿನಲ್ಲಿ ಬಟ್ಟೆಬರೆ, ಪೆಟ್ಟಿಗೆಯಲ್ಲಿ ಎರೆಹುಳು. ತರಕಾರಿ ಸಿಪ್ಪೆ, ಚಹಾದ ಚರಟ ತಿಂದು ಗೊಬ್ಬರ ಮಾಡುವ ಈ ಹುಳುಗಳನ್ನು ಮಾವ ಮೂವತ್ತು ವರ್ಷ ಸಾಕಿದ್ದರು. ಮನೆಯಲ್ಲಿ ಮಾತು ಕಡಿಮೆ ಮಾಡಿಬಿಟ್ಟಿದ್ದ ಅತ್ತೆ ದಿನಾ ಬೆಳಗ್ಗೆ ಹಿಂದಿನ ವರಾಂಡದಲ್ಲಿ ಸ್ಟೂಲು ಹಾಕಿಕೊಂಡು, ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗೆ ಕೈ ಇಳಿಬಿಟ್ಟು ಅರ್ಧ ಗಂಟೆ ಕೂತಿರುತ್ತಿದ್ದರು. ಬೀದಿಗೆ ಇಳಿಯುತ್ತಿರಲಿಲ್ಲ. ಎದುರುಮನೆಯವರ ಮುಖ ಹೇಗಿದೆ ಎಂದೂ ಅವರಿಗೆ ಗೊತ್ತಿರಲಿಲ್ಲ. ಪೆಟ್ಟಿಗೆಯನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಮುಟ್ಟುವ ಆಸೆಯೂ ಯಾರಿಗೂ ಇರಲಿಲ್ಲ.

ಕಿರಿಯ ಮಗಳು ಹಟ ಹಿಡಿದು ಮೂರು ವಾರದ ಮಟ್ಟಿಗೆ ತನ್ನ ಮನೆಗೆ ಕರೆದಾಗ ಅತ್ತೆ ಒಲ್ಲದ ಮನಸ್ಸಿನಿಂದ ಹೊರಟರು. ಬಾಗಿಲಲ್ಲಿ ನಿಂತು ಅಳಿಯನಿಗೆ ಹೇಳಿದರು.

"ಅಳಿಯಂದ್ರೇ, ಪೆಟ್ಟಿಗೆ ನಿಮ್ಮ ಕೈಗೆ ಒಪ್ಪಿಸಿದೀನಿ. ಅವರದು ಅಂತ ನನ್ನ ಹತ್ರ ಉಳಿದಿರೋದು ಅದೊಂದೇ."

"ಅತ್ತೆ, ಒಂದು ಹುಳ ಆಚೀಚೆ ಆದ್ರೆ ನನ್ನ ಕೇಳಿ. ಇಪ್ಪತ್ತಾರು ವರ್ಷದಲ್ಲಿ..."

"ಗೊತ್ತು, ಗೊತ್ತು. ಬಸ್ಸು ಹೊರಡುತ್ತೆ," ಎಂದು ಅತ್ತೆ ಹೊರಟರು.

ಸುಮ್ಮನೆ ದಿನಾ ಒಂದಿಷ್ಟು ಸಿಪ್ಪೆ ಹಾಕಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಗುರುತಪ್ಪನಿಗೆ ಅತ್ತೆಯ ಮುಂದೆ ಸೈ ಅನ್ನಿಸಿಕೊಳ್ಳುವ ಹುಕಿ ಬಂತು. ನಾಲ್ಕನೆಯ ದಿನ ನರ್ಸರಿಗೆ ಹೋಗಿ ಒಂದು ಚೀಲ ಹೊಸ ಹುಳು, ಎರಡು ನೀಲಿ ಟಬ್ಬು ತಂದ. ಅತ್ತೆ ಬರುವುದರೊಳಗೆ ಒಂದು ಪೆಟ್ಟಿಗೆ ಇದ್ದಲ್ಲಿ ಎರಡು ಸಂಸಾರ ಮಾಡಿ ತೋರಿಸುವ ಯೋಚನೆ. ಹೊಸ ಹುಳುಗಳನ್ನು ಒಂದು ಟಬ್ಬಿಗೆ ಸುರಿದು ಒದ್ದೆ ಪೇಪರು ಮುಚ್ಚಿದ. ಹುಳು ಕಂಡರೆ ಮೈ ಜುಮ್ಮೆನ್ನುತ್ತಿದ್ದುದರಿಂದ ಸುರಿಯುವಾಗ ಮುಖ ಗೋಡೆಯ ಕಡೆಗಿತ್ತು.

ಮರುದಿನ ಇನ್ನೊಂದು ಹುಕಿ. ಅತ್ತೆಯ ಪೆಟ್ಟಿಗೆ ಹಳೆಯದು, ಕೊಳೆಯಾಗಿದೆ. ತೊಳೆದಿಟ್ಟರೆ ಎಷ್ಟು ಖುಷಿಪಡುತ್ತಾರೆ! ಪೆಟ್ಟಿಗೆಯಲ್ಲಿದ್ದ ಹುಳು, ಗೊಬ್ಬರ ಎಲ್ಲವನ್ನೂ 'ತಾತ್ಕಾಲಿಕವಾಗಿ' ಖಾಲಿ ಟಬ್ಬಿಗೆ ಹಾಕಿದರಾಯಿತು ಎಂದುಕೊಂಡು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಪೆಟ್ಟಿಗೆಯನ್ನು ಬೋರಲು ಹಾಕಿದ. ಕಣ್ಣು ಬಿಟ್ಟಾಗ ಖಾಲಿ ಟಬ್ಬು ಪಕ್ಕದಲ್ಲಿ ಹಾಗೇ ಖಾಲಿಯಾಗಿ ಕೂತಿತ್ತು.

ತುಂಬಿದ ಟಬ್ಬಿನಲ್ಲಿ ನೂರಾರು ಹುಳು ಒಂದರ ಮೇಲೊಂದು ಹೊರಳಾಡುತ್ತಿದ್ದವು. ಯಾವುದು ಮಾವನವರದು, ಯಾವುದು ನರ್ಸರಿಯದು, ದೇವರೇ ಬಲ್ಲ.

ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. "ಏನ್ರೀ ಇದು?"

"ಸ್ವಲ್ಪ ಬೆರಕೆ ಆಗಿದೆ. ನಿಮ್ಮಪ್ಪನ ಹುಳ ನೋಡೋಕೆ ಹೇಗಿದ್ವು, ಹೇಳು ನೋಡೋಣ."

"ನಾನು ಹುಟ್ಟಿದಾಗಿಂದ ಆ ಪೆಟ್ಟಿಗೆ ಕಡೆ ಕಣ್ಣೆತ್ತಿ ನೋಡಿಲ್ಲ. ಎಲ್ಲಾ ಹುಳಾನೇ ತಾನೇ? ಅರ್ಧ ಅದಕ್ಕೆ ಹಾಕಿ, ಅರ್ಧ ಇದಕ್ಕೆ ಹಾಕಿ, ಕೈ ತೊಳ್ಕೊಂಡು ಒಳಗೆ ಬನ್ನಿ."

ಬೇರೆ ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ಅತ್ತೆಯ ಮಾತು ಗುರುತಪ್ಪನ ಕಿವಿಯಲ್ಲಿತ್ತು. 'ಅವರದು ಅಂತ ಉಳಿದಿರೋದು ಅದೊಂದೇ.' ಕೊಡೆಯಾದರೆ ಇನ್ನೊಂದು ಕೊಳ್ಳಬಹುದು. ತೀರಿಹೋದವರ ಹುಳುವನ್ನು ಎಲ್ಲಿಂದ ತರುವುದು? ಅವನು ಅಂಗಿಯ ತೋಳು ಮಡಿಸಿದ. "ಒಂದೊಂದನ್ನೂ ಗುರುತು ಹಿಡಿದು ಬೇರೆ ಮಾಡ್ತೀನಿ. ಇಲ್ಲ ಅಂದ್ರೆ ಈ ಹೆಸರು ತಗೊಂಡು ಏನು ಮಾಡ್ಲಿ?"

ಮೊದಲು ನರ್ಸರಿಗೆ ಹೋದ. ತಾನು ತಂದದ್ದು ಯಾವ ಹುಳು ಎಂದು ಗೊತ್ತಾದರೆ ಉಳಿದದ್ದು ಮಾವನವರದು; ಲೆಕ್ಕ ಸಲೀಸು.

"ಮೊನ್ನೆ ನನಗೆ ಯಾವ ಹುಳ ಕೊಟ್ರಿ?"

"ಗೊಬ್ಬರದ ಹುಳ ಸಾರ್," ಅಂದ ನರ್ಸರಿಯವನು.

"ಅದು ಸರಿ. ಗೊಬ್ಬರದ ಹುಳದಲ್ಲಿ ಯಾವ ಜಾತೀದು?"

"ಬದುಕಿರೋದು ಸಾರ್. ಸತ್ತಿದ್ದು ನಾವು ಕೊಡಲ್ಲ."

ಅದಕ್ಕಿಂತ ಹೆಚ್ಚಿನ ಮಾಹಿತಿ ಅವನ ಬಾಯಿಂದ ಜಪ್ಪಯ್ಯ ಅಂದರೂ ಹೊರಡಲಿಲ್ಲ. ಕೊನೆಗೆ ಪೀಡೆ ತೊಲಗಲಿ ಎಂದು ಒಂದು ಪುಸ್ತಿಕೆಯನ್ನು ಕೈಗಿಟ್ಟ. ಅದರಲ್ಲಿ ನಾಲ್ಕು ಬಗೆ ಹೇಳಿತ್ತು. ಒಂದು, ಬೆಂಕಿಕಡ್ಡಿಗಿಂತ ಕೊಂಚ ಉದ್ದದ ಕೆಂಪು ಹುಳು, ಮೈತುಂಬ ಹಳದಿ ಗೆರೆ. ಎರಡು, ಬೆಳಕಿಗೆ ನೀಲಿ ಹೊಳೆಯುವ ಹುಳು, ಮುಟ್ಟಿದರೆ ಚಿಮ್ಮುತ್ತದೆ. ಮೂರು, ಪೆನ್ಸಿಲ್ಲಿನಷ್ಟು ದಪ್ಪಗೆ ಉದ್ದಗೆ ಬೆಳೆಯುವ ನೇರಳೆ ಬಣ್ಣದ ಹುಳು. ನಾಲ್ಕು, ತೋಟದ ಮಣ್ಣಿನ ಸಾದಾ ಪೇಲವ ಹುಳು. ಇದು ಪೆಟ್ಟಿಗೆಗೆ ಒಗ್ಗುವುದಿಲ್ಲ. ಬಣ್ಣದ ಚಿತ್ರಗಳೂ ಇದ್ದವು. ಆದರೆ ಪುಸ್ತಿಕೆ ಜೆರಾಕ್ಸ್ ಪ್ರತಿಯಾದ್ದರಿಂದ ಕೆಂಪು, ನೀಲಿ, ನೇರಳೆ ಮೂರೂ ಒಂದೇ ಸಮನೆ ಕಪ್ಪಗಿದ್ದವು.

ಗುರುತಪ್ಪ ಒಂದು ವಾರ ರಜೆ ಹಾಕಿದ. ಅರ್ಜಿಯಲ್ಲಿ ಕಾರಣ 'ಮಾವನವರ ಆಸ್ತಿ ವಿಂಗಡಣೆ' ಎಂದು ಬರೆದ, ಸುಳ್ಳೇನೂ ಅಲ್ಲ. ಊಟದ ಮೇಜನ್ನು ವರಾಂಡಕ್ಕೆ ಎಳೆದ. ಹೆಂಡತಿಯ ಸ್ಟೀಲ್ ತಟ್ಟೆಗಳನ್ನೆಲ್ಲ ಹರಡಿ, ಕೆಂಪು, ನೀಲಿ, ನೇರಳೆ, ಪೇಲವ ಎಂದು ಚೀಟಿ ಅಂಟಿಸಿದ. ಕೈಗೆ ಗ್ಲೌಸು, ಮೂಗಿಗೆ ಕರವಸ್ತ್ರ, ಕಣ್ಣಿಗೆ ಭೂತಗನ್ನಡಿ. ಮನೆಮಂದಿಗೆ ಆ ವಾರ ಪಾತ್ರೆಯ ಮುಚ್ಚಳದ ಮೇಲೆ ಊಟ.

ಮೊದಲ ದಿನವೇ ಎದುರುಮನೆಯ ಟೈಲರಮ್ಮ ಬೀದಿ ದಾಟಿ ಬಂದು ಹಿತ್ತಲಿನ ಕಾಂಪೌಂಡಿನಿಂದ ಇಣುಕಿದಳು. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ನಡೆದರೂ ಅದು ಈಕೆಯ ಟೇಪಿಗೆ ಸಿಕ್ಕೇ ಸಿಗುತ್ತದೆ.

"ಏನಣ್ಣಾ, ಅಡುಗೆಗಾ?"

"ಗುರುತು ಹಿಡೀತಿದೀನಿ ಕಣಮ್ಮ. ಉದ್ದ ನೋಡಿ ಜಾತಿ ಹೇಳ್ಬೇಕು."

"ಉದ್ದ ಅಂದ್ರೆ ಕಣ್ಣಳತೇಲಿ ಆಗುತ್ತಾ? ತಡೀರಿ ಬಂದೆ." ಅವಳು ಬಂದವಳೇ ಕತ್ತಿನ ಟೇಪು ಬಿಚ್ಚಿ ಒಂದು ಹುಳುವಿನ ಪಕ್ಕ ಹಿಡಿದಳು. "ಮೂರು ಇಂಚು... ಅಯ್ಯೋ, ಎರಡಾಯ್ತು... ಈಗ ನಾಲ್ಕು!" ಮೂರು ಸಲ ಅಳೆದು ಟೇಪು ಸುತ್ತಿಟ್ಟಳು. "ಇದು ಎಲಾಸ್ಟಿಕ್ ಮಾಲು ಅಣ್ಣಾ. ಇದಕ್ಕೆ ಅಳತೆ ತಗೊಂಡು ಹೊಲಿಯೋಕಾಗಲ್ಲ."

ಆದರೂ ಗುರುತಪ್ಪ ಬಿಡಲಿಲ್ಲ. ಆರು ದಿನ, ಬೆಳಗಿನ ಬಿಸಿಲಿನಿಂದ ಸಂಜೆಯವರೆಗೆ, ಕಣ್ಣಲ್ಲಿ ಕಣ್ಣಿಟ್ಟು ಕೂತ. ಮರಿಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಅವಕ್ಕೆ 'ಅಪ್ರಾಪ್ತ' ಎಂದು ಐದನೆಯ ತಟ್ಟೆ ಮಾಡಿದ. ನೀಲಿಯವನ್ನು ಒಂದು ಕಡೆ ಎತ್ತಿಟ್ಟರೆ ಇನ್ನೊಂದು ಕಡೆಯಿಂದ ತಟ್ಟೆ ಇಳಿದು ಹೋಗುತ್ತಿದ್ದವು. ಸಂಜೆ ಅತ್ತೆಯ ಫೋನು.

"ಹುಳ ಹೇಗಿದಾವೆ ಅಳಿಯಂದ್ರೇ?"

"ಪರಿಶೀಲನೆಯಲ್ಲಿವೆ ಅತ್ತೆ." ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದ: "ಸುಮ್ನೆ ಕೇಳ್ತೀನಿ, ಅವು ನೋಡೋಕೆ ಹೇಗಿರ್ತಾವೆ?"

"ಯಾಕೆ, ಪೆಟ್ಟಿಗೇಲಿಲ್ವಾ? ಮುಚ್ಚಳ ತೆಗೆದು ನೋಡಿ."

ಗುರುತಪ್ಪ ಫೋನಿಟ್ಟು ಮತ್ತೆ ಭೂತಗನ್ನಡಿ ಎತ್ತಿಕೊಂಡ.

ಏಳನೆಯ ದಿನ ಬೆಳಗ್ಗೆ ತಟ್ಟೆಗಳು ತಯಾರಾದವು. ಈಗ ಉಳಿದದ್ದು ಒಂದೇ ಪ್ರಶ್ನೆ: ಈ ತಟ್ಟೆಗಳಲ್ಲಿ ಮಾವನವರದು ಯಾವುದು? ಇದಕ್ಕೆ ಪುಸ್ತಿಕೆಯಲ್ಲಿ ಉತ್ತರವಿಲ್ಲ. ಇದು ಇಪ್ಪತ್ತಾರು ವರ್ಷದ ವಿದ್ಯೆಗೇ ಬಿಟ್ಟ ವಿಷಯ. ಗುರುತಪ್ಪ ನಡುಮನೆಗೆ ಹೋಗಿ ಮಾವನ ಫೋಟೋದ ಮುಂದೆ ನಿಂತ. ಮಾವ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಆರಡಿ ಆಳು, ಹುರಿಮೀಸೆ, ಎದೆಯ ಮೇಲೆ ಸೀಟಿ. ಅವರು 'ಸಾವಧಾನ್' ಅಂದರೆ ಬೀದಿಯಲ್ಲಿ ಹೋಗುವ ಸೈಕಲ್ಲುಗಳೂ ನಿಲ್ಲುತ್ತಿದ್ದವಂತೆ. ಗುರುತಪ್ಪ ಅಡಿಯಿಂದ ಮುಡಿಯವರೆಗೆ ನೋಡಿದ. ಹೊಳೆದುಬಿಟ್ಟಿತು. ಇಂಥವರದು ದಪ್ಪ, ಉದ್ದ, ಗಂಭೀರ ನಡೆಯ ನೇರಳೆ ಹುಳುವಲ್ಲದೆ ಇನ್ನೇನಿದ್ದೀತು?

ಆದರೂ ಸಾಕ್ಷಿಯೊಂದು ಬೇಕಲ್ಲ. ಫೋಟೋದ ಕೆಳಗೆ ಮೊಳೆಗೆ ನೇತುಹಾಕಿದ್ದ ಮಾವನ ಸೀಟಿ ತಂದು, ಮೇಜಿನ ಮೇಲೆ ಕೈಯೂರಿ, ಪ್ರಾಣ ಬಿಟ್ಟು ಊದಿದ. ನೀಲಿಯವು ದಿಕ್ಕಾಪಾಲಾದವು. ಕೆಂಪು ಗೆರೆಯವು ಮುದ್ದೆಯಾಗಿ ಒಂದರೊಳಗೊಂದು ಹೊಕ್ಕವು. ನೇರಳೆಯವು ಮಾತ್ರ ಒಂದರ ಹಿಂದೊಂದು ತಟ್ಟೆಯ ಅಂಚು ಹಿಡಿದು ಸಾಗಿದವು.

"ನೋಡಿದ್ಯಾ?" ಗುರುತಪ್ಪ ಒಳಗಿದ್ದ ಹೆಂಡತಿಗೆ ಕೂಗಿದ. "ಕವಾಯತು!"

ಸೀಟಿ ಕೇಳಿ ಹೆಂಡತಿ ಬರುವ ಮೊದಲು ಆರೋಗ್ಯ ಇನ್ಸ್‌ಪೆಕ್ಟರು ಬಂದರು. ಪಕ್ಕದ ಮಹಡಿಯವರು, ವರಾಂಡದಲ್ಲಿ ಹಾವಿನ ಮರಿಗಳಿಗೆ ತರಬೇತಿ ನಡೆಯುತ್ತಿದೆ ಎಂದು ದೂರು ಕೊಟ್ಟಿದ್ದರಂತೆ. ಇನ್ಸ್‌ಪೆಕ್ಟರು ಫಾರಂ ತೆಗೆದರು.

"ಸಾಕುಪ್ರಾಣಿ ಯಾವುದು?"

"ಎರೆಹುಳ ಸಾರ್. ನಾಲ್ಕು ಬಗೆ, ಅಪ್ರಾಪ್ತರು ಬೇರೆ."

"ಗಂಡೆಷ್ಟು, ಹೆಣ್ಣೆಷ್ಟು?"

"ಪುಸ್ತಿಕೆ ಪ್ರಕಾರ ಪ್ರತಿಯೊಂದೂ ಎರಡೂ ಹೌದು ಸಾರ್."

ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. "ಎರಡೂ ಕಾಲಮ್ಮಲ್ಲಿ ಬರೆದ್ರೆ ಒಟ್ಟು ತಾಳೆ ಬರಲ್ಲ ಕಣ್ರೀ. ಯಾವುದಾದ್ರೂ ಒಂದು ಹೇಳಿ."

"ಇಲ್ಲದ್ದು ಹೇಗೆ ಬರೆಸ್ಲಿ ಸಾರ್? ನಾನೂ ರಿಜಿಸ್ಟರು ಬರೆಯೋನೇ."

ಈ ಮಾತಿಗೆ ಇನ್ಸ್‌ಪೆಕ್ಟರು ತಲೆದೂಗಿ, ಕುತೂಹಲಕ್ಕೆ ಕೆಂಪು ಗೆರೆಯ ಹುಳುವೊಂದನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದೆತ್ತಿದರು. ಅದು ಹಳದಿ ರಸವೊಂದನ್ನು ಬಿಟ್ಟಿತು. "ಥೂ! ಏನ್ರೀ ಈ ನಾತ!" ಎಂದು ಕೈ ಒದರಿದರು. ಗ್ಲೌಸು ಕರವಸ್ತ್ರದ ಹಿಂದೆ ಆರು ದಿನ ಕಳೆದಿದ್ದ ಗುರುತಪ್ಪನ ಮೂಗಿಗೂ ಈಗಷ್ಟೇ ಅದು ಬಡಿಯಿತು. ಅವನಿಗಿದ್ದ ಕೊನೆಯ ಅನುಮಾನವೂ ಹಾರಿಹೋಯಿತು. ಶಿಸ್ತಿನ ಸಿಪಾಯಿಯಂಥ ಡ್ರಿಲ್ ಮೇಷ್ಟ್ರ ಪೆಟ್ಟಿಗೆಯಲ್ಲಿ ಇಂಥ ಗಬ್ಬುನಾತದ ಪುಡಿ ಹುಳು ಇರುವುದುಂಟೇ?

ನೇರಳೆ ಹುಳುಗಳು ತೊಳೆದ ಪೆಟ್ಟಿಗೆಗೆ ಮರ್ಯಾದೆಯಿಂದ ಹೋದವು. ಉಳಿದವುಗಳಿಗೆ ಕಚೇರಿಯ ನಿಯಮವೇ ಇತ್ತು: ವಾರಸುದಾರರಿಲ್ಲದ ಸಾಮಾನನ್ನು ವಿಲೇವಾರಿ ಮಾಡತಕ್ಕದ್ದು. ಗುರುತಪ್ಪ ಬೀದಿಯ ಹನ್ನೊಂದು ಮನೆಗಳ ಹೂಕುಂಡಗಳಿಗೆ ಅವನ್ನು ಹಂಚಿದ. ಸುಮ್ಮನೆ ಕೊಡಲಿಲ್ಲ, ಬಗೆ, ತೂಕ, ತಾರೀಖು ಬರೆದು ಪ್ರತಿಯೊಬ್ಬರಿಂದ ಸಹಿ ಹಾಕಿಸಿಕೊಂಡ. ಇನ್ಸ್‌ಪೆಕ್ಟರೂ ಕಚೇರಿಯ ಕುಂಡಕ್ಕೆಂದು ಒಂದು ಬಿಸ್ಕತ್ ಡಬ್ಬಿ ತುಂಬಾ ಕೆಂಪು ಗೆರೆಯವನ್ನು ಒಯ್ದರು, ಮೂಗು ಮುಚ್ಚಿಕೊಂಡು.

ಇನ್ನೊಂದು ವಾರಕ್ಕೆ ಅತ್ತೆ ಬಂದರು. ಚೀಲ ಕೆಳಗಿಟ್ಟವರೇ ನೇರ ವರಾಂಡಕ್ಕೆ ಹೋಗಿ ಸ್ಟೂಲು ಎಳೆದು ಕೂತು, ಮುಚ್ಚಳ ತೆಗೆದು ಕೈ ಇಳಿಬಿಟ್ಟರು. ಬೆನ್ನ ಹಿಂದೆ ಗುರುತಪ್ಪ ಮೆಚ್ಚುಗೆಯ ಮಾತಿಗೆ ಕಾದು ನಿಂತಿದ್ದ. ಅತ್ತೆ ಕೈ ಎತ್ತಿ ಮೂಗಿನ ಹತ್ತಿರ ಹಿಡಿದರು. ಮತ್ತೆ ಇಳಿಬಿಟ್ಟರು. ಮತ್ತೆ ಹಿಡಿದರು. ಅವರ ಮುಖ ಸಣ್ಣದಾಯಿತು.

"ಇವು ನಮ್ಮನೆಯವರ ಹುಳ ಅಲ್ಲ."

ಗುರುತಪ್ಪ ಇಪ್ಪತ್ತಾರು ವರ್ಷದ ಅಭ್ಯಾಸಬಲದಿಂದ ಅಂದುಬಿಟ್ಟ: "ಗುರುತು ಹೇಳಿ ಅತ್ತೆ."

"ಗುರುತಾ?" ಅತ್ತೆ ತಿರುಗಿದರು. "ಇಷ್ಟೇ ಇಷ್ಟುದ್ದ. ಕೆಂಪಗೆ, ಮೈಮೇಲೆ ಹಳದಿ ಗೆರೆ. ಹಿಡಿದ್ರೆ ನಾರ್ತಾವೆ. ಶಾಲೇಲಿ ಅಷ್ಟು ಗದ್ದಲ ಮಾಡೋ ಮನುಷ್ಯ, ಮನೆಗೆ ಬಂದ್ರೆ ಈ ಪೆಟ್ಟಿಗೆ ಮುಂದೆ ಕೂತು ಪಿಸಪಿಸ ಅಂತ ಮಾತಾಡೋರು. ಆ ಕೈಯಲ್ಲೇ ಊಟಕ್ಕೆ ಬಂದು ಕೂರೋರು. ಕೈ ತೊಳೀರಿ, ಕೈ ತೊಳೀರಿ ಅಂತ ಮೂವತ್ತು ವರ್ಷ ಜಗಳ ಆಡಿದೀನಿ. ಈಗ ಆ ವಾಸನೆ ಬಂದ್ರೆ ಅವರು ಇಲ್ಲೇ ಪಕ್ಕದಲ್ಲಿ ಬಂದು ಕೂತ ಹಾಗಾಗುತ್ತೆ ಕಣಪ್ಪಾ."

ಗುರುತಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆಯ ಜೊತೆಗೆ ದುಃಖವೂ ಆಯಿತು. ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಒದರಿಬಿಟ್ಟ: ಟಬ್ಬು, ತಟ್ಟೆ, ಫೋಟೋ, ಸೀಟಿ, ಹನ್ನೊಂದು ಮನೆ. "ತಪ್ಪಾಯ್ತು ಅತ್ತೆ. ಮಾವನವರ ಮುಖ ನೋಡಿ ಮೋಸ ಹೋದೆ."

"ಅವರ ಮುಖ ನೋಡಿ ಮದುವೆಗೆ ಮುಂಚೆ ನಾನೂ ಹೆದರಿದ್ದೆ," ಅಂದರು ಅತ್ತೆ, ಕಣ್ಣೊರೆಸಿಕೊಂಡು. ಪೆಟ್ಟಿಗೆಯ ಮುಚ್ಚಳ ಹಾಕಿ ಕೇಳಿದರು: "ಯಾರ್ಯಾರಿಗೆ ಕೊಟ್ರಿ, ನೆನಪಿದೆಯಾ?"

ಗುರುತಪ್ಪ ಓಡಿಹೋಗಿ ರಿಜಿಸ್ಟರು ತಂದ. ಸಾಲು ಸಾಲಾಗಿ ಹೆಸರು, ತೂಕ, ಸಹಿ. ಅತ್ತೆ ಅದನ್ನು ಕನ್ನಡಕ ಹಾಕಿಕೊಂಡು ಓದಿ, ಎದ್ದು, ಚಪ್ಪಲಿ ಮೆಟ್ಟಿದರು. ಈ ಮನೆಗೆ ಬಂದ ಮೇಲೆ ಅವರು ನೆರೆಹೊರೆಯವರ ಬಾಗಿಲಿಗೆ ಹೊರಟದ್ದು ಅದೇ ಮೊದಲು.

ಮೊದಲ ಬಾಗಿಲಲ್ಲೇ ತಕರಾರು. "ಅದೆಲ್ಲಾ ಆಗಲ್ಲ," ಅಂದಳು ಟೈಲರಮ್ಮ. "ಹುಳ ಬಿಟ್ಟ ಮೇಲೆ ನನ್ನ ಗುಲಾಬಿ ಮೊಗ್ಗು ಕಚ್ಚಿದೆ. ಸಹಿ ಹಾಕಿ ತಗೊಂಡಿದೀನಿ, ಕಾನೂನು ಪ್ರಕಾರ ನಂದು."

ಗುರುತಪ್ಪ ನಿಯಮಾವಳಿ ಬಿಚ್ಚಲು ಬಾಯಿ ತೆರೆದ. ಅತ್ತೆ ಅವನನ್ನು ಪಕ್ಕಕ್ಕೆ ಸರಿಸಿದರು. "ಅರ್ಧ ನಿಂಗೇ ಇರ್ಲಿ ಕಣಮ್ಮ. ಅರ್ಧ ಕೊಡು ಸಾಕು. ಮಧ್ಯೆ ಮಧ್ಯೆ ಬಂದು ಅವು ಹೇಗಿದಾವೆ ಅಂತ ನೋಡ್ಕೊಂಡು ಹೋಗ್ತೀನಿ, ಆಗಬಹುದಾ?" ಎಂದು ಕುಂಡದೊಳಕ್ಕೆ ಕೈ ಹಾಕಿ, ಒಂದು ಹುಳು ಹಿಡಿದು, ಬೆರಳು ಮೂಸಿದರು. ಮುಖ ಅರಳಿತು. ಟೈಲರಮ್ಮನಿಗೆ ಏನರ್ಥವಾಯಿತೋ, ಒಳಗಿನಿಂದ ಕುರ್ಚಿ ತಂದು ಹಾಕಿದಳು. ಹನ್ನೊಂದು ಮನೆಯಲ್ಲೂ ಇದೇ ಒಪ್ಪಂದವಾಯಿತು. ಒಂದೊಂದು ಮನೆಯಲ್ಲೂ ಕಾಲು ಗಂಟೆ ಮಾತು. ಮೂರು ವರ್ಷದಿಂದ ಕಟ್ಟಿಟ್ಟಿದ್ದ ಮಾತೆಲ್ಲ ಆವತ್ತು ಹೊರಬಿದ್ದಿತು. ಗುರುತಪ್ಪ ಡಬ್ಬಿ ಹಿಡಿದು ಹಿಂದೆ ಹಿಂದೆ ನಡೆದ.

ಇನ್ಸ್‌ಪೆಕ್ಟರ ಕಚೇರಿಯಲ್ಲಿ ಬಿಸ್ಕತ್ ಡಬ್ಬಿ ಮೇಜಿನ ಮೇಲೇ ಇತ್ತು. ಕುಂಡಕ್ಕೆ ಬಿಟ್ಟಿರಲಿಲ್ಲ, ಗಂಡೋ ಹೆಣ್ಣೋ ಇತ್ಯರ್ಥವಾಗದೆ ಕಡತ ಮುಂದಕ್ಕೆ ಹೋಗಿರಲಿಲ್ಲ. ತಿನ್ನಲು ಮಾತ್ರ ಅವರೇ ದಿನಾ ತಮ್ಮ ಚಹಾದ ಚರಟ ಹಾಕಿದ್ದರು. "ತಗೊಂಡು ಹೋಗಿ ತಾಯಿ," ಎಂದು ಕೈ ಮುಗಿದರು. "ಫಾರಂ ಹರಿದು ಹಾಕ್ತೀನಿ."

ಮನೆಗೆ ಬಂದು ಕೆಂಪು ಗೆರೆಯ ಹುಳುಗಳನ್ನೆಲ್ಲ ಪೆಟ್ಟಿಗೆಗೆ ಬಿಟ್ಟಾಯಿತು. ಕವಾಯತಿನ ನೇರಳೆ ಹುಳುಗಳು ಮತ್ತೆ ನೀಲಿ ಟಬ್ಬಿಗೆ ಹೋದವು. "ಅವು ನಿಮಗೇ ಇರ್ಲಿ ಅಳಿಯಂದ್ರೇ. ನೋಡೋಕೇನೋ ಅವರ ಥರಾನೇ ಇದಾವೆ," ಅಂದರು ಅತ್ತೆ. ಗುರುತಪ್ಪ ರಿಜಿಸ್ಟರಿನಲ್ಲಿ ಹಳೆಯ ಸಾಲನ್ನು ಹೊಡೆದುಹಾಕಿ, ಗುರುತು ಎಂಬ ಕಾಲಮ್ಮಿನಲ್ಲಿ 'ವಾಸನೆ' ಎಂದು ಬರೆದು, ವಾರಸುದಾರರ ಸಹಿ ತೆಗೆದುಕೊಂಡ. ಮಣ್ಣುಗೈಯ ಸಹಿ, ಅರ್ಧ ಅಳಿಸಿತ್ತು.

ಮೇಜು ವರಾಂಡದಿಂದ ಒಳಗೆ ಬಂತು. ತಟ್ಟೆಗಳು ಮೂರು ಸಲ ತೊಳೆಸಿಕೊಂಡು ಊಟಕ್ಕೆ ಕೂತವು. ಅತ್ತೆ ಬಂದು ತಟ್ಟೆಯ ಮುಂದೆ ಕೂತರು.

"ಅಮ್ಮಾ, ಕೈ ತೊಳ್ಕೊಂಡು ಬಾ," ಅಂದಳು ಮಗಳು, ಮೂಗು ಮುರಿದು. "ಇಲ್ಲೀವರೆಗೂ ನಾತ ಬರ್ತಿದೆ."

"ಬರ್ತಿದೆಯಾ?" ಅತ್ತೆಯ ದನಿಯಲ್ಲಿ ಖುಷಿಯಿತ್ತು.

"ಬರ್ದೆ ಏನು!"

"ಹಾಗಾದ್ರೆ ಇನ್ನೊಂಚೂರು ಹೊತ್ತು ಇರ್ಲಿ ಬಿಡೆ."

ಕೈ ತೊಳೆಯಲೆಂದು ಅರ್ಧ ಎದ್ದಿದ್ದ ಗುರುತಪ್ಪ, ಅತ್ತೆಯ ಮುಖ ನೋಡಿ, ಹಾಗೇ ಮೆಲ್ಲಗೆ ಕೂತುಕೊಂಡ.